ಐವತ್ತೇ ವರ್ಷಕ್ಕೆ ಉತ್ತರ ಬರಬೇಕಾ?

ಅನ್ಯಗ್ರಹ ಜೀವಿಗಳ ಹುಡುಕಾಟದ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. 'ಇಷ್ಟು ವರ್ಷ ಕಿವಿಗೊಟ್ಟರೂ ಯಾರೂ ಓಗೊಟ್ಟಿಲ್ಲ, ಹಾಗಾಗಿ ವಿಶ್ವದಲ್ಲಿ ನಾವು ಒಂಟಿ' ಅನ್ನೋ ಲೇಖಕರ ಮಾತು ಒಪ್ಪಲಾರೆ. 1974ರಲ್ಲಿ ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಎಂ13 ನಕ್ಷತ್ರಗುಚ್ಛದ ಕಡೆಗೆ ಕಳಿಸಿದ ಸಂದೇಶವನ್ನೇ ನೋಡಿ. 1,679 ಬಿಟ್‌ಗಳ, ಮೂರು ನಿಮಿಷವೂ ಇಲ್ಲದ ರೇಡಿಯೊ ಕೂಗು. ಅಲ್ಲಿಗೆ ಮುಟ್ಟೋಕೇ ಸುಮಾರು 25,000 ವರ್ಷ ಬೇಕು. ಈವರೆಗೆ ಸಾಗಿರೋದು ಐವತ್ತು ಚಿಲ್ಲರೆ ಜ್ಯೋತಿರ್ವರ್ಷ. ಕಾಗದ ಇನ್ನೂ ಊರಬಾಗಿಲೇ ದಾಟಿಲ್ಲ, ಉತ್ತರ ಬರಲಿಲ್ಲ ಅಂತ ಮುನಿಸಾ?

ಹಾಗಂತ, ನಕ್ಷತ್ರಗಳು ಕೋಟ್ಯಂತರ ಇವೆ, ಯಾರಾದರೂ ಇದ್ದೇ ಇರ್ತಾರೆ ಅನ್ನೋರ ಪಕ್ಷವೂ ನಂದಲ್ಲ. ಡೈನೋಸಾರ್‌ಗಳು 16 ಕೋಟಿ ವರ್ಷ ಇಲ್ಲೇ ಮೆರೆದವು, ಒಂದು ರೇಡಿಯೊ ಮಾಡಲಿಲ್ಲ. ಅಂದಹಾಗೆ, ಶೀರ್ಷಿಕೆಯಲ್ಲಿ 'ಬುದ್ಧಿಜೀವಿಗಳ ಹುಡುಕಾಟ' ಅಂದಿದ್ದೀರಿ. ಅವರು ಇಲ್ಲೇ ಬೇಕಾದಷ್ಟಿದ್ದಾರಲ್ಲ ಸಾರ್!