ಸ್ಥಿರೀಕರಿಸಲಾಯಿತು

ಮಂಗಳೂರು ಮಹಾನಗರ ಪಾಲಿಕೆಯ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯ ಯಾವುದೆಂದು ಲಾಲ್‌ಬಾಗಿನ ಆ ಕಟ್ಟಡದ ಮೆಟ್ಟಿಲನ್ನು ಒಮ್ಮೆಯೂ ಹತ್ತದವರು ಕೂಡ ಹೇಳಬಲ್ಲರು: ಹಿಂದಿನ ಸಭೆಯ ನಡಾವಳಿಯನ್ನು ಸ್ಥಿರೀಕರಿಸುವುದು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸಿ ನಿವೃತ್ತನಾದ ನನಗೆ ಈ ಪದದ ಮೇಲೆ ವಿಶೇಷ ಮಮತೆ ಹುಟ್ಟಿದೆ. 'ಸ್ಥಾ' ಎಂಬ ಧಾತುವಿಗೆ ನಿಲ್ಲು ಎಂದು ಅರ್ಥ. ಅದರ ಸಂತಾನವೆಲ್ಲ ಒಂದೇ ಸೂರಿನಡಿ ಸಂಸಾರ ಹೂಡಿರುವುದನ್ನು ನಾನು ಬೇರೆಲ್ಲೂ ಕಂಡವನಲ್ಲ: ಸ್ಥಳೀಯ ಸಂಸ್ಥೆ, ಸ್ಥಾಯಿ ಸಮಿತಿ, ಸ್ಥಿರಾಸ್ತಿ, ವ್ಯವಸ್ಥೆ, ಅವ್ಯವಸ್ಥೆ, ಯಥಾಸ್ಥಿತಿ. ನಿಲ್ಲುವುದನ್ನೇ ಕುಲಧರ್ಮವಾಗಿ ಒಪ್ಪಿಕೊಂಡಿರುವ ಇಂಥ ಮನೆತನದ ಎದುರು ಹೋಗಿ, ತೋಡಿನ ನೀರು ಮಾತ್ರ ಹರಿಯಬೇಕು ಎಂದು ಹಟ ಹಿಡಿಯುವ ನಾಗರಿಕರದ್ದೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನಿಲ್ಲಿ ವರ್ಣಿಸುವ ಸಭೆಗೆ ದಿನಾಂಕವಿಲ್ಲ, ಸದಸ್ಯರಿಗೆ ಹೆಸರಿಲ್ಲ, ಪಕ್ಷವೂ ಇಲ್ಲ. ಅದು ನನ್ನ ಕಲ್ಪನೆಯ ಸಭೆ. ಅದರ ಭಾಷೆ ಮಾತ್ರ ಕಲ್ಪನೆಯದಲ್ಲ. ಅಂಥ ಭಾಷೆಯನ್ನು ಒಬ್ಬನೇ ಕುಳಿತು ಕಲ್ಪಿಸುವುದು ಯಾವ ಪ್ರತಿಭಾವಂತನಿಗೂ ಸಾಧ್ಯವಾಗದು. ಅದಕ್ಕೆ ಅನೇಕ ಗುಮಾಸ್ತರ ಅನೇಕ ತಲೆಮಾರುಗಳ ತಪಸ್ಸು ಬೇಕು.

ಮಂಗಳೂರಿನಲ್ಲಿ 60 ವಾರ್ಡುಗಳಿವೆ, 60 ಮಂದಿ ಸದಸ್ಯರು. ಪರಿಷತ್ತಿನ ಅವಧಿ ಐದು ವರ್ಷ, ಅಂದರೆ 60 ತಿಂಗಳು. ತಿಂಗಳಿಗೊಂದು ಸಭೆಯಂತೆ ಲೆಕ್ಕ ಹಾಕಿದರೆ ಪ್ರತಿ ವಾರ್ಡಿಗೂ ಒಂದು ಇಡೀ ಸಭೆಯನ್ನು ಧಾರೆಯೆರೆದು ಕೊಡಬಹುದಾಗಿತ್ತು. ಗಣಿತವು ಇಷ್ಟು ಉದಾರವಾಗಿ ವರ ಕೊಟ್ಟರೂ ಪಡೆದುಕೊಳ್ಳುವವರಿಗೆ ಪುರಸೊತ್ತಿಲ್ಲ. ಮೇಯರ್ ಗೌನಿನ ಅವಧಿಯಾದರೋ ಒಂದೇ ವರ್ಷ. ಮೊದಲ ಮೂರು ತಿಂಗಳು ಸನ್ಮಾನಕ್ಕೆ, ಕೊನೆಯ ಮೂರು ತಿಂಗಳು ಬೀಳ್ಕೊಡುಗೆಗೆ, ನಡುವಿನ ಆರರಲ್ಲಿ ನಾಲ್ಕು ಮಳೆಗಾಲಕ್ಕೆ ಹೋಗುತ್ತವೆ. ಯಾವ ತೋಡು ಎಲ್ಲಿ ಹುಟ್ಟಿ ಎಲ್ಲಿ ಹೊಳೆ ಸೇರುತ್ತದೆ ಎಂಬುದು ಇನ್ನೇನು ಗೊತ್ತಾಗಬೇಕು ಎನ್ನುವಷ್ಟರಲ್ಲಿ ಗೌನು ಮೀಸಲಾತಿಯ ಪ್ರಕಾರ ಮತ್ತೊಬ್ಬರ ಹೆಗಲೇರಿರುತ್ತದೆ. ಹೊಸಬರು ಹಳೆಯ ನಡಾವಳಿಯನ್ನು ಸ್ಥಿರೀಕರಿಸಿ ಕೆಲಸ ಆರಂಭಿಸುತ್ತಾರೆ.

ಈಗ ತೋಡಿನ ವಿಷಯ. ನಮ್ಮ ಊರಿನವರ ಬಾಯಲ್ಲಿ ಅದು ತೋಡು, ಕಡತದಲ್ಲಿ ರಾಜಕಾಲುವೆ. ತೋಡಿಗೆ ಹೂಳು ತುಂಬುತ್ತದೆ, ರಾಜಕಾಲುವೆಗೆ ಅಂದಾಜುಪಟ್ಟಿ ತಯಾರಾಗುತ್ತದೆ, ಆದ್ದರಿಂದ ಎರಡೂ ಹೆಸರು ಅಗತ್ಯ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಊರಿಗೆ ಮಳೆಗಾಲ ಬರುತ್ತದೆ ಎಂಬುದು ರಹಸ್ಯವೇನಲ್ಲ. ಆದರೂ ಹೂಳೆತ್ತುವ ಕಡತ ಮಾತ್ರ ಪ್ರತಿ ಸಲವೂ ಮುಂಗಾರಿನ ಜೊತೆಯಲ್ಲೇ, ಕೆಲವೊಮ್ಮೆ ಅದಕ್ಕೆ ಮರ್ಯಾದೆಯಿಂದ ದಾರಿ ಬಿಟ್ಟು ಅದರ ಹಿಂದಿನಿಂದಲೇ, ಸಭಾಂಗಣವನ್ನು ಪ್ರವೇಶಿಸುತ್ತದೆ. ಹಿಟಾಚಿ ಬರುತ್ತದೆ, ಹೂಳನ್ನು ಎತ್ತುತ್ತದೆ, ಎತ್ತಿದ್ದನ್ನು ತೋಡಿನ ದಡದ ಮೇಲೆಯೇ ಅಚ್ಚುಕಟ್ಟಾಗಿ ರಾಶಿ ಹಾಕಿ ಹೋಗುತ್ತದೆ. ಮೊದಲ ದೊಡ್ಡ ಮಳೆಗೆ ಆ ರಾಶಿ ಜಾರಿ ತನ್ನ ಮೂಲಸ್ಥಾನವನ್ನು ಸೇರುತ್ತದೆ. (ಸ್ಥಾನ ಎಂಬುದೂ ಅದೇ ಧಾತುವಿನ ಸಂತಾನ ಎಂಬುದನ್ನು ಓದುಗರು ಗಮನಿಸಬೇಕು.) ಎತ್ತಿದ್ದಕ್ಕೆ ಬಿಲ್ಲು ಆಗಿರುತ್ತದೆ, ಬಿದ್ದದ್ದಕ್ಕೆ ಬಿಲ್ಲು ಮಾಡುವ ಕ್ರಮ ಇನ್ನೂ ಬಂದಿಲ್ಲ ಎಂಬುದಷ್ಟೇ ನಾಗರಿಕರ ಪುಣ್ಯ.

ನನ್ನ ಸಭೆಯಲ್ಲಿ ಕೊಟ್ಟಾರದ ಕಡೆಯ ಸದಸ್ಯರೊಬ್ಬರು ಎದ್ದು ನಿಂತು, ತಮ್ಮ ವಾರ್ಡಿನ ಮನೆಗಳಿಗೆ ನೀರು ನುಗ್ಗಿದ್ದನ್ನು ಕಳೆದ ಮೂರು ಸಭೆಗಳಲ್ಲಿಯೂ ಗಮನಕ್ಕೆ ತಂದಿರುವುದಾಗಿ ಹೇಳಿದರು. ಸಂಸ್ಕೃತದಲ್ಲಿ ಗಮನ ಎಂದರೆ ಹೋಗುವುದು, ಕನ್ನಡದಲ್ಲಿ ಲಕ್ಷ್ಯ. ಪಾಲಿಕೆಯು ಸಂಸ್ಕೃತದ ಅರ್ಥವನ್ನೇ ಹಿಡಿದಿರುವುದರಿಂದ ಗಮನಕ್ಕೆ ತಂದ ವಿಷಯ ಎಲ್ಲಿಗೋ ಹೋಗಿಬಿಡುತ್ತದೆ. "ಮೂರು ಸಲ ಹೇಳಿದೆ ಮೇಯರ್ರೇ, ಒಬ್ಬನಾದರೂ ಬಂದು ನೋಡಿದ್ದು ಉಂಟಾ?" ಎಂದು ಅವರು ಕೇಳಿದರೆ, ಎದುರು ಸಾಲಿನಿಂದ "ನಿಮ್ಮವರು ಆಡಳಿತದಲ್ಲಿ ಇದ್ದಾಗ ಎಂತ ಮಾಡಿದ್ದೀರಿ ಮಾರಾಯ್ರೆ?" ಎಂಬ ಮರುಪ್ರಶ್ನೆ ಬಂತು. ನೀರಿಗೆ ಪಕ್ಷಭೇದವಿಲ್ಲ, ಅದು ಇಬ್ಬರ ಆಡಳಿತದಲ್ಲಿಯೂ ಒಂದೇ ಮನೆಯ ಒಂದೇ ಬಾಗಿಲಿನಿಂದ ಒಳಗೆ ಬರುತ್ತದೆ ಎಂಬುದನ್ನು ಯಾರೂ ಗಮನಕ್ಕೆ ತರಲಿಲ್ಲ.

ಆ ಬಾಗಿಲನ್ನು ನಾನು ಬಲ್ಲೆ. ತೋಡಿನ ಬದಿಯ ಆ ಮನೆಯ ಅಮ್ಮ, ಪ್ರತಿ ಮಳೆಗಾಲದಲ್ಲಿ ಚಾವಡಿಯ ಗೋಡೆಯ ಮೇಲೆ ನೀರು ಏರಿದ ಎತ್ತರಕ್ಕೆ ಇದ್ದಿಲಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಇಸವಿ ಬರೆದಿಡುತ್ತಾರೆ. ಸುಣ್ಣ ಬಳಿಯುವಾಗಲೂ ಅಷ್ಟು ಜಾಗವನ್ನು ಬಿಟ್ಟೇ ಬಳಿಸುತ್ತಾರೆ.

ಸದಸ್ಯರ ಪ್ರಶ್ನೆಗೆ ಅಧಿಕಾರಿಗಳು ಓದಿದ ಉತ್ತರ ಹೀಗಿತ್ತು: "ಸದರಿ ಸ್ಥಳವನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು." ನನ್ನೊಳಗಿನ ಮಾಸ್ಟ್ರು ಎಚ್ಚರಗೊಳ್ಳುವುದು ಇಂಥ ವಾಕ್ಯ ಕೇಳಿದಾಗ. ಶಾಲೆಯಲ್ಲಿ ನಾವು ಕರ್ಮಣಿ ಪ್ರಯೋಗ ಕಲಿಸುವಾಗ 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂಬ ಉದಾಹರಣೆ ಕೊಡುತ್ತಿದ್ದೆವು. ಕನ್ನಡದವರು ಮನೆಯಲ್ಲಾಗಲಿ ಮೀನಿನ ಮಾರುಕಟ್ಟೆಯಲ್ಲಾಗಲಿ ಹಾಗೆ ಮಾತನಾಡುವುದಿಲ್ಲ, ಪರೀಕ್ಷೆಗೆ ಮಾತ್ರ ಕಲಿತುಕೊಳ್ಳಿ ಎಂದು ನಾನು ಮಕ್ಕಳಿಗೆ ಹೇಳಿಯೂ ಇದ್ದೆ. ಆ ಮಾತಿಗಾಗಿ ಈಗ ಕ್ಷಮೆ ಕೇಳುತ್ತೇನೆ, ಏಕೆಂದರೆ ಇಡೀ ನಗರ ನಡೆಯುತ್ತಿರುವುದೇ ಆ ಪ್ರಯೋಗದ ಮೇಲೆ. ಆದರೆ ಒಂದು ವ್ಯತ್ಯಾಸವುಂಟು. ನಮ್ಮ ಉದಾಹರಣೆಯಲ್ಲಿ ಕೊಂದವನು ತೃತೀಯಾ ವಿಭಕ್ತಿಯಲ್ಲಿಯಾದರೂ ಹಾಜರಿದ್ದ. 'ರಾಮನಿಂದ' ಎಂಬ ಪದವನ್ನು ಬಿಟ್ಟರೆ ಒಂದು ಅಂಕ ಹೋಗುತ್ತಿತ್ತು. ಪಾಲಿಕೆಯ ವಾಕ್ಯದಲ್ಲಿ ಆ 'ಇಂದ' ಪ್ರತ್ಯಯವೇ ಮಾಯ. ಕ್ರಮ ಕೈಗೊಳ್ಳಲಾಗುವುದು, ಯಾರಿಂದ ಎಂದು ಕೇಳಬಾರದು. ನಿರ್ದೇಶನ ನೀಡಲಾಗಿದೆ, ಯಾರಿಗೆ ಎಂದೂ ಕೇಳಬಾರದು. ವ್ಯಾಕರಣದಲ್ಲಿ ಇದಕ್ಕೆ ಲೋಪ ಎನ್ನುತ್ತೇವೆ; ಆಡಳಿತದಲ್ಲಿಯೂ ಅದೇ ಪದವಿದ್ದರೂ, ಅದರ ಬಗ್ಗೆ ತನಿಖೆಗೆ ಆದೇಶಿಸಲಾಗುತ್ತದೆ.

ಪಾಲಿಕೆಯವರಿಗೆ ಕರ್ತರಿ ಪ್ರಯೋಗ ಬರುವುದೇ ಇಲ್ಲ ಎಂದು ಯಾರೂ ತಪ್ಪು ತಿಳಿಯಬಾರದು. ಆಸ್ತಿ ತೆರಿಗೆಯ ನೋಟಿಸನ್ನು ಓದಿ ನೋಡಬೇಕು. ಅಲ್ಲಿ ಕರ್ತೃ ಮೊದಲ ಸಾಲಿನಲ್ಲಿಯೇ, ಮನೆ ನಂಬ್ರ ಸಮೇತ, ಎದೆಯುಬ್ಬಿಸಿ ನಿಂತಿರುತ್ತಾನೆ: ತಾವು ಇಂತಿಷ್ಟು ಪಾವತಿಸತಕ್ಕದ್ದು. ಏಪ್ರಿಲಿನಲ್ಲಿ ಕಟ್ಟಿದರೆ ತಮಗೆ ಶೇ. 5 ರಿಯಾಯಿತಿ, ತಡಮಾಡಿದರೆ ತಿಂಗಳಿಗೆ ಶೇ. 2ರಂತೆ ದಂಡ. ಯಾರು, ಎಷ್ಟು, ಯಾವಾಗ, ಇಲ್ಲದಿದ್ದರೆ ಏನು ಎಂಬುದೆಲ್ಲ ಒಂದೇ ಪುಟದಲ್ಲಿ ಸ್ಫಟಿಕದಂತೆ ಹೊಳೆಯುತ್ತದೆ. ಇಷ್ಟು ಸೊಗಸಾದ ಗದ್ಯ ಬರೆಯಬಲ್ಲ ಕೈ, ತೋಡಿನ ವಿಷಯ ಬಂದ ಕೂಡಲೇ ಏಕೆ ನಡುಗುತ್ತದೆಯೋ.

ಕುಡಿಯುವ ನೀರಿನ ಚರ್ಚೆ ಹೆಚ್ಚು ಹೊತ್ತು ನಡೆಯಲಿಲ್ಲ, ಏಕೆಂದರೆ ಅದು ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ಎಷ್ಟು ಮೀಟರ್ ನೀರಿದೆ ಎಂಬುದರ ಮೇಲೆ ನಿಂತಿದೆ. ಆರು ಮೀಟರ್ ಇರುವ ತನಕ ನೇತ್ರಾವತಿ ಪಾಲಿಕೆಯ ಸಾಧನೆ, ನಾಲ್ಕಕ್ಕಿಳಿದರೆ ಪ್ರಕೃತಿಯ ಮುನಿಸು. 2019ರ ಬೇಸಿಗೆಯಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಗಿ ಬಂದಾಗ ನಮ್ಮವರು ಮುಚ್ಚಿದ ಬಾವಿಗಳನ್ನು ನೆನಪಿಸಿಕೊಂಡಿದ್ದರು. ನನ್ನ ಸಭೆಯ ಸದಸ್ಯರು ನೀರಿಗಾಗಿ ಸದನದ ಬಾವಿಗೇ ಇಳಿದರು. ಹತ್ತು ನಿಮಿಷ ಅಲ್ಲಿ ನಿಂತು ಫೋಟೋ ಆದ ಮೇಲೆ ಮೇಲೆ ಬಂದರು. ಬಾವಿ ಒಣಗಿತ್ತು.

ಅದಾದ ಮೇಲೆ ಸಭೆಗೆ ಜೀವ ಬಂದದ್ದು ನಾಮಕರಣದ ವಿಷಯದಲ್ಲಿ. ಮೂರು ಮಾರ್ಗಗಳು ಕೂಡುವ, ನಡುವೆ ಒಡೆದ ಪೈಪಿನಿಂದ ನೀರು ಒಸರುವ ಒಂದು ಜಾಗವುಂಟು. ಅಲ್ಲಿ ವೃತ್ತವಿಲ್ಲ, ಅರ್ಧವೃತ್ತವೂ ಇಲ್ಲ. ಟ್ರಾಫಿಕ್ ಪೊಲೀಸರು ಇಟ್ಟ ಎರಡು ಡ್ರಮ್ಮುಗಳಿವೆ. ಆ ಡ್ರಮ್ಮುಗಳಿಗೆ ಯಾವ ಮಹನೀಯರ ಹೆಸರಿಡಬೇಕು ಎಂಬುದರ ಮೇಲೆ ಎರಡು ಗಂಟೆ ಹದಿನೈದು ನಿಮಿಷ ಚರ್ಚೆ ನಡೆಯಿತು. ನಾಲ್ಕು ಹೆಸರುಗಳು ಬಂದವು, ನಾಲ್ಕಕ್ಕೂ ಆಕ್ಷೇಪ ಬಂತು. ಅಷ್ಟು ಹೊತ್ತು ಬೆಂಚಿಗೆ ಒರಗಿ ಮೊಬೈಲು ನೋಡುತ್ತಿದ್ದವರೂ ಎದ್ದು ನಿಂತು ಇತಿಹಾಸ, ಸಂಸ್ಕೃತಿ, ಭಾವನೆ ಎಂಬ ಪದಗಳನ್ನು ಬಳಸಿದರು; ತಾಳಮದ್ದಳೆಯ ಅರ್ಥಧಾರಿಗಳೂ ಅಸೂಯೆಪಡುವಂಥ ವಾಕ್ಪ್ರವಾಹ ಹರಿಯಿತು, ಮತ್ತು ಅಂದು ಊರಿನಲ್ಲಿ ಅಡೆತಡೆಯಿಲ್ಲದೆ ಹರಿದ ಪ್ರವಾಹ ಅದೊಂದೇ. ಅಲ್ಲಿ ಒಸರುತ್ತಿದ್ದ ಪೈಪನ್ನು ದುರಸ್ತಿ ಮಾಡುವ ವಿಷಯ ಅದೇ ಕಾರ್ಯಸೂಚಿಯಲ್ಲಿ ಮೂವತ್ತು ಸಂಖ್ಯೆ ಕೆಳಗೆ, ಹೆಸರಿಲ್ಲದೆ, ಮಲಗಿತ್ತು.

ಈ ಊರಿಗೆ ಹೆಸರಿಡುವವರು ಎಂದೂ ಪರಿಷತ್ತಿನವರಲ್ಲ, ಬಸ್ಸಿನ ಕಂಡಕ್ಟರುಗಳು. ದಾಖಲೆಯಲ್ಲಿ ಮಹಾವೀರ ವೃತ್ತ ಎಂದು ಇರುವಲ್ಲಿ ಅವರು ಇಂದಿಗೂ 'ಪಂಪ್‌ವೆಲ್, ಪಂಪ್‌ವೆಲ್' ಎಂದೇ ಕೂಗುತ್ತಾರೆ. ಆ ಪಂಪೂ ಇಲ್ಲ, ವೆಲ್ಲೂ ಇಲ್ಲ. ಒಂದು ಬ್ಯಾಂಕಿನ ಹೆಸರೇ ಇಡೀ ಬಸ್‌ನಿಲ್ದಾಣದ ಹೆಸರಾಗಿ 'ಸ್ಟೇಟ್‌ಬ್ಯಾಂಕ್' ಎಂದು ಬಸ್ಸುಗಳ ಹಣೆಯ ಮೇಲೆ ಕುಳಿತಿದೆ. ಯಾವ ಸಭೆಯ ಮಂಜೂರಾತಿಯೂ ಇಲ್ಲದೆ ಬಂದ ಈ ಹೆಸರುಗಳನ್ನು ಯಾರೂ ಸ್ಥಿರೀಕರಿಸಲಿಲ್ಲ, ಆದ್ದರಿಂದಲೇ ಅವು ಸ್ಥಿರವಾಗಿವೆ. ನಾಮಕರಣವನ್ನು ಕೊನೆಗೆ ಸ್ಥಾಯಿ ಸಮಿತಿಗೆ ಒಪ್ಪಿಸಲಾಯಿತು.

ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಉಳಿದದ್ದು ಎಪ್ಪತ್ತಕ್ಕೂ ಹೆಚ್ಚು ವಿಷಯಗಳು: ಬೀದಿನಾಯಿಗಳ ಶಸ್ತ್ರಚಿಕಿತ್ಸೆ, ಹಗಲಲ್ಲಿ ಉರಿದು ರಾತ್ರಿ ಆರುವ ದಾರಿದೀಪಗಳು, ಬೀದಿಬದಿ ವ್ಯಾಪಾರಿಗಳ ವಲಯ, ಒಳಚರಂಡಿ, ಘನತ್ಯಾಜ್ಯ. ಕಾರ್ಯದರ್ಶಿಗಳು ಸಂಖ್ಯೆಗಳನ್ನು ಓದಿದರು, ಸಭೆ 'ಒಪ್ಪಿದೆ' ಎಂದಿತು. ಆರು ನಿಮಿಷದೊಳಗೆ ನಗರದ ಭವಿಷ್ಯ ನಿರ್ಧಾರವಾಯಿತು. ಇವುಗಳಲ್ಲಿ ಹೆಚ್ಚಿನವು ಘಟನೋತ್ತರ ಮಂಜೂರಾತಿಯ ವಿಷಯಗಳು. ಕೆಲಸ ಆಗಿ, ಬಿಲ್ಲು ಆಗಿ, ಕೆಲವೊಮ್ಮೆ ಹಾಕಿದ ಡಾಮರು ಎದ್ದೂ ಹೋದ ಮೇಲೆ, ಈ ಕೆಲಸ ಮಾಡಬಹುದೇ ಎಂದು ಸಭೆಯನ್ನು ವಿನಯದಿಂದ ಕೇಳುವ ಪದ್ಧತಿಗೆ ಆ ಹೆಸರು. ಗುತ್ತಿಗೆದಾರನಿಗೆ ಘಟನೋತ್ತರ ಸೌಲಭ್ಯ, ತೋಡಿನ ಬದಿಯವರಿಗೆ ಘಟನೋತ್ತರ ಸಾಂತ್ವನ.

ಪಚ್ಚನಾಡಿಯ ತ್ಯಾಜ್ಯದ ವಿಷಯಕ್ಕೂ ಆ ಆರು ನಿಮಿಷದಲ್ಲಿ ತನ್ನ ಪಾಲಿನ ನಾಲ್ಕೈದು ಸೆಕೆಂಡು ಸಿಕ್ಕಿತು. 2019ರ ಆಗಸ್ಟ್ ಮಳೆಗೆ ಅಲ್ಲಿಯ ಕಸದ ಗುಡ್ಡ ಜಾರಿ ಪಕ್ಕದ ಮಂದಾರ ಎಂಬಲ್ಲಿಯ ಮನೆಗಳ ಮೇಲೆ, ತೋಟಗಳ ಮೇಲೆ ಹರಿದದ್ದು ಊರಿಗೆಲ್ಲ ಗೊತ್ತು. ಈ ವಿಷಯದಲ್ಲಿ ನಗೆಯಾಡಲು ನನಗೆ ಮನಸ್ಸಿಲ್ಲ. ಇಷ್ಟು ಮಾತ್ರ ಹೇಳಬಹುದು: ನಾವು ಅರುವತ್ತು ವಾರ್ಡಿನವರು ದಿನಾ ಬೆಳಿಗ್ಗೆ ಗೇಟಿನ ಹೊರಗೆ ಇಟ್ಟದ್ದೇ ಅಲ್ಲಿ ಗುಡ್ಡವಾದದ್ದು, ಮತ್ತು ಆ ಗುಡ್ಡ ಹೊರಟಾಗ ಯಾರ ಅನುಮತಿಗೂ ಕಾಯಲಿಲ್ಲ.

ಪರಿಷತ್ತು ಇಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಯೋಗವೂ ಈ ಊರಿನಲ್ಲಿ ನಡೆದಿದೆ. 2019ರ ನವೆಂಬರಿನಲ್ಲಿ ಗೆದ್ದ ಸದಸ್ಯರು ಮೇಯರನ್ನು ಆರಿಸಲು 2020ರ ಫೆಬ್ರವರಿಯ ತನಕ ಕಾದು ಕುಳಿತಿದ್ದರು. ಅವರ ಅವಧಿ 2025ರ ಫೆಬ್ರವರಿಯಲ್ಲಿ ಮುಗಿಯಿತು, ಹೊಸ ಚುನಾವಣೆ ನಡೆಯದ ಕಾರಣ ಆಡಳಿತಾಧಿಕಾರಿಗಳು ಬಂದರು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ, ಪೂರ್ವಸೂಚನೆಯನ್ನು ಹವಾಮಾನ ಇಲಾಖೆಗೆ ಮಾತ್ರ ಕೊಟ್ಟು, ಮೇ ಮುಗಿಯುವ ಮೊದಲೇ ನಮ್ಮಲ್ಲಿಯೂ ಸುರಿಯತೊಡಗಿತು. ಪ್ರಶ್ನೆ ಕೇಳುವವರಿರಲಿಲ್ಲ, ಮರುಪ್ರಶ್ನೆ ಹಾಕುವವರೂ ಇರಲಿಲ್ಲ, ಗೌನು ಕಪಾಟಿನಲ್ಲಿತ್ತು.

ಮಳೆ ಸ್ವಲ್ಪ ಬಿಟ್ಟ ದಿನ ನಾನು ತೋಡಿನ ಬದಿಯ ಆ ಮನೆಗೆ ಹೋದೆ. ಅಮ್ಮ ಚಾವಡಿಯ ಕೆಸರು ಬಳಿದು ಹೊರಗೆ ಹಾಕುತ್ತಿದ್ದರು. "ಮಾಸ್ಟ್ರೇ, ಈ ಸಲ ಸಭೆಯೇ ಇರಲಿಲ್ಲವಂತೆ ಅಲ್ವಾ? ಹಾಗಾದರೆ ನೀರಿಗೆ ನಮ್ಮ ಮನೆಯ ದಾರಿ ಹೇಳಿದ್ದು ಯಾರು?" ಎಂದು ಕೇಳಿದರು. ಅವರ ವಾಕ್ಯದಲ್ಲಿ ಕರ್ತೃವಿಗೊಂದು ಜಾಗವಿತ್ತು. ಅಲ್ಲಿ ಕೂರಿಸಲು ನನ್ನ ಬಳಿ ಯಾರ ಹೆಸರೂ ಇರಲಿಲ್ಲ. ಕೈ ನಡುಗುತ್ತದೆ, ನೀವೇ ಗೆರೆ ಎಳೆದು ಕೊಡಿ ಎಂದು ಅವರು ಇದ್ದಿಲಿನ ತುಂಡನ್ನು ನನ್ನ ಕೈಗಿತ್ತರು. ನಾನು ಗೋಡೆಯ ಹತ್ತಿರ ಬಗ್ಗಿ ಒದ್ದೆಯ ಅಂಚನ್ನು ನೋಡಿದೆ. ಅದು ಹಿಂದಿನ ವರ್ಷದ ಗೆರೆಯ ಮೇಲೆಯೇ, ಕೂದಲೆಳೆಯಷ್ಟೂ ಆಚೀಚೆಯಾಗದೆ ನಿಂತಿತ್ತು. ಹೊಸ ಗೆರೆ ಎಳೆಯುವ ಅಗತ್ಯ ಬೀಳಲಿಲ್ಲ. ಹಳೆಯದರ ಪಕ್ಕದಲ್ಲಿ ಇಸವಿಯನ್ನು ಮಾತ್ರ ಬರೆದು ಬಂದೆ.