ಉಗುಳಿದವನೂ ಅಮೆರಿಕನ್ನೇ

ಕಳೆದ ತಿಂಗಳು ಊರಿಂದ ಅಕ್ಕ, ಭಾವ ಬಂದಿದ್ದರು. ಒಂದು ಶನಿವಾರ ಫಿಲಡೆಲ್ಫಿಯಾಕ್ಕೆ ಕರೆದುಕೊಂಡು ಹೋದೆ. ಲಿಬರ್ಟಿ ಬೆಲ್ ನೋಡಿದ್ದಾಯಿತು, ಇಂಡಿಪೆಂಡೆನ್ಸ್ ಹಾಲ್ ಮುಂದೆ ಫೋಟೋ ತೆಗೆದಿದ್ದಾಯಿತು. ಅದರ ಪಕ್ಕದಲ್ಲೇ ಕಾಂಗ್ರೆಸ್ ಹಾಲ್ ಅಂತ ಕೆಂಪು ಇಟ್ಟಿಗೆಯ ಕಟ್ಟಡ ಇದೆ. 1790ರಿಂದ 1800ರವರೆಗೆ ಅಮೆರಿಕದ ಸಂಸತ್ತು ಸೇರುತ್ತಿದ್ದದ್ದು ಅಲ್ಲೇ. ಕೆಳಗೆ ಹೌಸ್ ಅಂದರೆ ಕೆಳಮನೆ, ಮಹಡಿ ಮೇಲೆ ಸೆನೆಟ್ ಅಂದರೆ ಮೇಲ್ಮನೆ. ಹತ್ತಿರ ಹತ್ತಿರ ಜೋಡಿಸಿದ ಮೇಜು, ಕುರ್ಚಿ. ಭಾವ ಕೈಕಟ್ಟಿ ನಿಂತು ನೋಡಿ, "ಆಗಿನವರು ಎಂಥಾ ದೊಡ್ಡ ಮನುಷ್ಯರು ನೋಡೋ. ಈಗಿನವರ ಥರ ಪಕ್ಷ ಪಕ್ಷ ಅಂತ ಕಿತ್ತಾಡ್ತಿರಲಿಲ್ಲ" ಅಂದರು.

ನನಗೆ ನಗು ತಡೆಯಲಿಲ್ಲ. ಅದೇ ಸಭೆಯಲ್ಲಿ 1798ರ ಜನವರಿ 30ರಂದು ಒಬ್ಬ ಸದಸ್ಯ ಇನ್ನೊಬ್ಬನ ಮುಖಕ್ಕೆ ಉಗುಳಿದ್ದ. ಎರಡು ವಾರ ಕಳೆದ ಮೇಲೆ ಉಗುಳಿಸಿಕೊಂಡವನು ದೊಣ್ಣೆ ತಂದು ಬಾರಿಸಿದ. ಉಗುಳಿದವನು ಬೆಂಕಿ ಗೂಡಿನ ಇಕ್ಕಳ ಎತ್ತಿಕೊಂಡ. ಇಬ್ಬರೂ ನೆಲದ ಮೇಲೆ ಉರುಳಾಡಿದರು.

ಉಗುಳಿದವನು ಮ್ಯಾಥ್ಯೂ ಲಯನ್, ವರ್ಮಾಂಟ್‌ನವನು. ಹೊಡೆದವನು ರಾಜರ್ ಗ್ರಿಸ್ವೋಲ್ಡ್, ಕನೆಕ್ಟಿಕಟ್‌ನವನು. ಇದನ್ನು ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಆ ಜಗಳದ ಒಳಗೆ "ಅಮೆರಿಕನ್ ಅಂದರೆ ಯಾರು" ಅನ್ನುವ ಪ್ರಶ್ನೆ ಇತ್ತು.

"ಸಂಸ್ಥಾಪಕರಿಗೆ ಪಕ್ಷಗಳೇ ಬೇಡವಾಗಿತ್ತು" ಅನ್ನುವ ಮಾತು ನನ್ನ ಫೀಡಿನಲ್ಲಿ ಚುನಾವಣೆ ಬಂದಾಗಲೆಲ್ಲ ಓಡಾಡುತ್ತದೆ. ಮಾತು ಸುಳ್ಳಲ್ಲ. ಇವರ ಸಂವಿಧಾನದಲ್ಲಿ ಪಕ್ಷದ ಹೆಸರೇ ಇಲ್ಲ. ಸ್ವರ್ಗಕ್ಕೆ ಹೋಗೋದಕ್ಕೂ ಪಕ್ಷ ಸೇರಬೇಕು ಅಂದರೆ ನಾನು ಹೋಗೋದೇ ಇಲ್ಲ ಅಂತ ಮುಂದೆ ಅಧ್ಯಕ್ಷನಾದ ಜೆಫರ್ಸನ್ 1789ರಲ್ಲಿ ಬರೆದಿದ್ದ. ಎರಡು ವರ್ಷ ಕಳೆಯುವಷ್ಟರಲ್ಲಿ ಆತನೂ ಸಂವಿಧಾನ ರೂಪಿಸಿದವರಲ್ಲಿ ಒಬ್ಬನಾದ ಮ್ಯಾಡಿಸನ್ನೂ ಸೇರಿ ಫಿಲಿಪ್ ಫ್ರೆನೋ ಎಂಬ ಕವಿಯನ್ನು ಕರೆತಂದು, ಖಜಾನೆ ಮಂತ್ರಿ ಹ್ಯಾಮಿಲ್ಟನ್‌ನನ್ನು ಜಾಡಿಸಲಿಕ್ಕೆ ಪತ್ರಿಕೆ ಶುರುಮಾಡಿಸಿದರು. ಫ್ರೆನೋಗೆ ಜೆಫರ್ಸನ್‌ನ ವಿದೇಶಾಂಗ ಇಲಾಖೆಯಲ್ಲೇ ಭಾಷಾಂತರಕಾರನ ಕೆಲಸ, ವರ್ಷಕ್ಕೆ 250 ಡಾಲರ್ ಸಂಬಳ. ಸರ್ಕಾರದ ಸಂಬಳ ತಗೊಂಡು ಸರ್ಕಾರವನ್ನೇ ಬೈಯುವ ಕೆಲಸ!

1796ರ ವಾಷಿಂಗ್ಟನ್ ವಿದಾಯದ ಪತ್ರವನ್ನಂತೂ ವೇದವಾಕ್ಯದ ಹಾಗೆ ಹಂಚುತ್ತಾರೆ. ಪಕ್ಷ ಕಟ್ಟಬೇಡಿ, ದೇಶ ಒಡೆಯುತ್ತೆ ಅಂತ ಅದರಲ್ಲಿದೆ, ನಿಜ. ಆದರೆ ಅದರ ಮೊದಲ ಕರಡು ಬರೆದುಕೊಟ್ಟವನು ಮ್ಯಾಡಿಸನ್, 1792ರಲ್ಲಿ. ಕೊನೆಯ ರೂಪ ಕೊಟ್ಟವನು ಹ್ಯಾಮಿಲ್ಟನ್. ಅಷ್ಟು ಹೊತ್ತಿಗೆ ಎರಡು ಪಕ್ಷ ಆಗಿಹೋಗಿತ್ತು. ಮ್ಯಾಡಿಸನ್ ರಿಪಬ್ಲಿಕನ್ನರ ಮುಂದಾಳು, ಹ್ಯಾಮಿಲ್ಟನ್ ಫೆಡರಲಿಸ್ಟರ ಮುಂದಾಳು. (ಈ ರಿಪಬ್ಲಿಕನ್ನರಿಗೂ ಈಗಿನ ಪಕ್ಷಕ್ಕೂ ನಂಟಿಲ್ಲ. ಅದು ಹುಟ್ಟಿದ್ದು 1854ರಲ್ಲಿ.)

ನನಗೆ ಅನ್ನಿಸೋದು ಇಷ್ಟು. ಇವರಿಗೆ ಬೇಡವಾಗಿದ್ದದ್ದು ಎದುರಿನವರ ಪಕ್ಷ. ತಮ್ಮದು ಪಕ್ಷ ಅಂತ ಯಾರೂ ಒಪ್ಪುತ್ತಲೇ ಇರಲಿಲ್ಲ. ನಾವು ಅಂದರೆ ದೇಶ, ಅವರು ಅಂದರೆ ಹೊರಗಿನವರ ಏಜೆಂಟರು. ಫೆಡರಲಿಸ್ಟರ ಬಾಯಲ್ಲಿ ರಿಪಬ್ಲಿಕನ್ನರೆಲ್ಲ ಫ್ರಾನ್ಸಿನ ಬಾಲ. ರಿಪಬ್ಲಿಕನ್ನರ ಬಾಯಲ್ಲಿ ಫೆಡರಲಿಸ್ಟರೆಲ್ಲ ಇಂಗ್ಲೆಂಡಿನ ರಾಜನ ಬಾಲ. ಟೋಪಿಗೆ ಸಿಕ್ಕಿಸಿದ ಬಟ್ಟೆಯ ಹೂವು ನೋಡಿದರೆ ಯಾರ ಕಡೆ ಅಂತ ಗೊತ್ತಾಗುತ್ತಿತ್ತು. ಕಪ್ಪಾದರೆ ಫೆಡರಲಿಸ್ಟ್, ಫ್ರಾನ್ಸಿನ ಮೂರು ಬಣ್ಣವಾದರೆ ರಿಪಬ್ಲಿಕನ್. ಎಷ್ಟೋ ಊರುಗಳಲ್ಲಿ ಜುಲೈ 4ರ ಸ್ವಾತಂತ್ರ್ಯ ದಿನದ ಮೆರವಣಿಗೆಯೂ ಬೇರೆ, ಊಟವೂ ಬೇರೆ. ಅಲ್ಲಿ ಯಾರ್ಯಾರ ಹೆಸರಲ್ಲಿ ಗ್ಲಾಸ್ ಎತ್ತಿದರು ಅನ್ನೋದು ಆಮೇಲೆ ಅವರವರ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು.

ಲಯನ್ ಕಡೆಗೆ ಬರೋಣ. ಗ್ರಿಸ್ವೋಲ್ಡ್ ಫೆಡರಲಿಸ್ಟ್, ಲಯನ್ ರಿಪಬ್ಲಿಕನ್. ಅವನು ಹುಟ್ಟಿದ್ದು ಐರ್ಲೆಂಡಿನಲ್ಲಿ. ಹುಡುಗನಾಗಿದ್ದಾಗ ಜೀತದ ಕರಾರಿಗೆ ಸಿಕ್ಕಿಕೊಂಡು ಹಡಗು ಹತ್ತಿ ಬಂದವನು. ಅವನ ಕರಾರನ್ನು ಒಬ್ಬ ಒಂದು ಜೋಡಿ ಹೋರಿ ಕೊಟ್ಟು ಕೊಂಡನಂತೆ. ಮುಂದೆ ಲಯನ್ ಆಣೆ ಇಡೋದಾದರೆ ಆ ಹೋರಿಗಳ ಮೇಲೇ ಇಡುತ್ತಿದ್ದನಂತೆ. ಇಂಥವನು ಸಂಸತ್ತಿಗೆ ಬಂದು, ಅಧ್ಯಕ್ಷರ ಮನೆಗೆ ಸದಸ್ಯರೆಲ್ಲ ಸಾಲಾಗಿ ನಡೆದುಹೋಗುವ ಪದ್ಧತಿ ರಾಜರ ಕಾಲದ್ದು, ನಾನು ಬರಲ್ಲ, ಬಿಟ್ಟುಬಿಡಿ ಅಂದ. ಓದಿಕೊಂಡ ಮನೆತನದವರಿಗೆ ಮೈ ಉರಿಯದೆ ಇರುತ್ತಾ? 1797ರ ಜುಲೈನಲ್ಲಿ ಹ್ಯಾರಿಸನ್ ಗ್ರೇ ಓಟಿಸ್ ಎಂಬ ಬಾಸ್ಟನ್ನಿನ ಫೆಡರಲಿಸ್ಟ್, "ಕಾಡು ಐರಿಷ್ ಜನರ ಹಿಂಡು" ಈ ದೇಶಕ್ಕೆ ಬರುವುದು ಬೇಡ ಅಂತ ಸಭೆಯಲ್ಲೇ ಹೇಳಿದ. ಆಗ ಚರ್ಚೆಯಲ್ಲಿದ್ದದ್ದು ಪೌರತ್ವದ ಪತ್ರಕ್ಕೆ 20 ಡಾಲರ್ ತೆರಿಗೆ. ಐರ್ಲೆಂಡಿನಿಂದ ಬಂದವರು ಜಾಸ್ತಿ ವೋಟು ಹಾಕುತ್ತಿದ್ದದ್ದು ರಿಪಬ್ಲಿಕನ್ನರಿಗೆ. ಲೆಕ್ಕ ಅಷ್ಟೇ.

ಉಗುಳಿದ ತಪ್ಪಿಗೆ ಲಯನ್‌ನನ್ನು ಸಭೆಯಿಂದ ಹೊರಹಾಕಬೇಕು ಅಂತ ಮತಕ್ಕೆ ಹಾಕಿದರು. 52 ಪರ, 44 ವಿರೋಧ. ಮೂರರಲ್ಲಿ ಎರಡು ಪಾಲು ಬೇಕಿತ್ತು, ಸಿಗಲಿಲ್ಲ. ಅದೇ 1798ರಲ್ಲಿ, ಫ್ರಾನ್ಸಿನ ಜೊತೆ ಯುದ್ಧದ ಭಯ ಇದ್ದಾಗ, ಫೆಡರಲಿಸ್ಟರು ಸಾಲಾಗಿ ಕಾನೂನು ತಂದರು. ಪೌರತ್ವಕ್ಕೆ 5 ವರ್ಷ ಕಾಯಬೇಕಿದ್ದದ್ದು 14 ವರ್ಷ ಆಯಿತು. ಜುಲೈ 14ರ ಸೆಡಿಷನ್ (ರಾಜದ್ರೋಹ) ಕಾನೂನಿನ ಪ್ರಕಾರ ಸರ್ಕಾರದ ಬಗ್ಗೆ, ಸಂಸತ್ತಿನ ಬಗ್ಗೆ, ಅಧ್ಯಕ್ಷರ ಬಗ್ಗೆ ದುರುದ್ದೇಶದಿಂದ ಸುಳ್ಳು ಬರೆದರೆ 2 ವರ್ಷದವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ. ಉಪಾಧ್ಯಕ್ಷರನ್ನು ಮಾತ್ರ ಎಷ್ಟು ಬೈದರೂ ಪರವಾಗಿಲ್ಲ. ಯಾಕೆ ಅಂದರೆ ಉಪಾಧ್ಯಕ್ಷ ಜೆಫರ್ಸನ್! ಕಾನೂನಿನ ಅವಧಿ 1801ರ ಮಾರ್ಚ್ 3ರವರೆಗೆ, ಅಂದರೆ ಫೆಡರಲಿಸ್ಟ್ ಅಧ್ಯಕ್ಷ ಆ್ಯಡಮ್ಸ್ ಅಧಿಕಾರ ಮುಗಿಯುವ ದಿನದ ತನಕ. ಇದನ್ನು ದೇಶರಕ್ಷಣೆ ಅಂತ ಕರೆದರು.

ನ್ಯೂ ಜೆರ್ಸಿಯ ನ್ಯೂವಾರ್ಕ್‌ನಲ್ಲಿ ಆ್ಯಡಮ್ಸ್ ಹಾದುಹೋಗುವಾಗ ಗೌರವಕ್ಕೆ ತೋಪು ಹಾರಿಸುತ್ತಿದ್ದರು. ಗುಂಡು ಅಧ್ಯಕ್ಷರ ಕುಂಡೆಗೆ ಬಿದ್ದರೂ ನನಗೇನೂ ಇಲ್ಲ ಅಂತ ಲೂಥರ್ ಬಾಲ್ಡ್ವಿನ್ ಎಂಬ ಕುಡುಕ ಗೊಣಗಿದ. ಅವನ ಮೇಲೂ ಕೇಸು ಬಿತ್ತು, ದಂಡವೂ ಬಿತ್ತು. ನಾನು ಆ ಊರಿನ ಹತ್ತಿರವೇ ಇರೋದು. ರೈಲು ಅಲ್ಲಿ ನಿಂತಾಗೆಲ್ಲ ಅವನ ನೆನಪಾಗುತ್ತದೆ.

ಆ ವರ್ಷದ ಅಕ್ಟೋಬರಿನಲ್ಲಿ ಲಯನ್ ಜೈಲಿಗೆ ಹೋದ. ಆ್ಯಡಮ್ಸ್‌ಗೆ ಡೌಲು ಜಾಸ್ತಿ, ಅಧಿಕಾರದ ಹಸಿವು ಜಾಸ್ತಿ ಅಂತ ಬರೆದದ್ದಕ್ಕೆ ನಾಲ್ಕು ತಿಂಗಳು, ಮೇಲೆ 1,000 ಡಾಲರ್ ದಂಡ. ವರ್ಮಾಂಟಿನ ಚಳಿಯಲ್ಲಿ ವರ್ಜೆನ್ಸ್ ಊರಿನ ಜೈಲಿನಲ್ಲಿ ಕೂತೇ ಚುನಾವಣೆಗೆ ನಿಂತ. ಗೆದ್ದ!

ಲಯನ್ ಸಂಭಾವಿತ ಅಂತ ನಾನು ಹೇಳಲ್ಲ. ಒರಟ, ಮುಂಗೋಪಿ. ಆದರೆ ಯಾವನು ದೇಶದವನು, ಯಾವನು ಅಲ್ಲ ಅಂತ ನೀವು ಹೇಳಬೇಡಿ, ಓಟು ಹಾಕಿದವರು ಹೇಳಲಿ ಅನ್ನೋ ಮಾತು ಅವನ ವಿಷಯದಲ್ಲಿ ನಿಜವಾಗಿ ನಡೆದುಹೋಯಿತು. 1801ರ ಫೆಬ್ರವರಿಯಲ್ಲಿ ಅಧ್ಯಕ್ಷ ಪದವಿಗೆ ಜೆಫರ್ಸನ್‌ಗೂ ಬರ್‌ಗೂ (ಅವನೂ ರಿಪಬ್ಲಿಕನ್ನೇ) 73-73 ಸಮ ಆಗಿ, ಹೌಸ್‌ನಲ್ಲಿ ರಾಜ್ಯಕ್ಕೊಂದು ಮತದಂತೆ 35 ಸಲ ಮತ ಹಾಕಿದರೂ ಬಗೆಹರಿಯಲಿಲ್ಲ. 36ನೇ ಸಲ ವರ್ಮಾಂಟಿನ ಫೆಡರಲಿಸ್ಟ್ ಸದಸ್ಯ ಮತ ಹಾಕದೆ ಹಿಂದೆ ಸರಿದ. ಉಳಿದವನು ಲಯನ್ ಒಬ್ಬನೇ. ವರ್ಮಾಂಟ್ ಜೆಫರ್ಸನ್ ಪಾಲಾಯಿತು.

ಹಾಗಂತ ಗೆದ್ದವರನ್ನು ಹೊತ್ತು ಮೆರೆಸಬೇಕಾಗಿಲ್ಲ. ಓಟೇ ಇಲ್ಲದ ಗುಲಾಮರನ್ನು ಐದಕ್ಕೆ ಮೂರರಂತೆ ಲೆಕ್ಕ ಹಿಡಿದು ದಕ್ಷಿಣದ ರಾಜ್ಯಗಳಿಗೆ ಸಿಕ್ಕಿದ್ದ ಹೆಚ್ಚಿನ ಮತಗಳ ಬಲ ಜೆಫರ್ಸನ್‌ಗಿತ್ತು. "ನಾವೆಲ್ಲರೂ ರಿಪಬ್ಲಿಕನ್ನರು, ನಾವೆಲ್ಲರೂ ಫೆಡರಲಿಸ್ಟರು" ಅಂತ ಭಾಷಣ ಮಾಡಿದವನೇ ಮರುವರ್ಷ ಪತ್ರದಲ್ಲಿ, ಫೆಡರಲಿಸಂ ಮತ್ತೆ ಏಳದ ಹಾಗೆ ಪಾತಾಳಕ್ಕೆ ತಳ್ಳುತ್ತೇನೆ ಅಂತ ಬರೆದ. ಪೌರತ್ವದ 14 ವರ್ಷವನ್ನು 1802ರಲ್ಲಿ ಮತ್ತೆ 5ಕ್ಕೆ ಇಳಿಸಿದರು. ಇವತ್ತು ಗ್ರೀನ್ ಕಾರ್ಡ್ ಹಿಡಿದುಕೊಂಡು ನಾವು ಕಾಯುವುದೂ ಸಾಮಾನ್ಯವಾಗಿ ಅದೇ 5 ವರ್ಷ. ಆದರೆ "ಬಿಳಿಯರಿಗೆ ಮಾತ್ರ" ಅನ್ನುವ 1790ರ ಮಾತನ್ನು ಎರಡೂ ಪಕ್ಷದವರು ಮುಟ್ಟಲಿಲ್ಲ. ಅದರಿಂದಾಗಿ ನಮ್ಮಂಥವರಿಗೆ ಬಾಗಿಲು ತೆರೆದದ್ದು 1946ರಲ್ಲಿ.

ಇದನ್ನೆಲ್ಲ ಕಾರಿನಲ್ಲಿ ವಾಪಸ್ ಬರುವಾಗ ಹೇಳಿದೆ. ಅಕ್ಕ ನಿದ್ದೆ ಮಾಡುತ್ತಿದ್ದಳು. ಭಾವ ಕೇಳಿದ್ದು ಒಂದೇ, "ಆ ದಂಡದ ದುಡ್ಡು ಏನಾಯ್ತು?"

ವಾಪಸ್ ಕೊಟ್ಟರು ಅಂದೆ. 1840ರ ಜುಲೈ 4ರಂದು ಕಾನೂನು ಮಾಡಿ, ಖರ್ಚೂ ಸೇರಿ 1,060 ಡಾಲರ್ 96 ಸೆಂಟು, 1799ರಿಂದ ಬಡ್ಡಿ ಸಮೇತ, ವಾರಸುದಾರರಿಗೆ. ಲಯನ್ ಸತ್ತು ಆಗಲೇ ಹತ್ತಿರ ಹತ್ತಿರ 18 ವರ್ಷ ಆಗಿತ್ತು.

"ಬಡ್ಡಿ ಸರಳವೋ, ಚಕ್ರಬಡ್ಡಿಯೋ?" ಅಂದರು ಭಾವ. ಬ್ಯಾಂಕಿನಿಂದ ರಿಟೈರ್ ಆದವರು.