ಏನಾದ್ರೂ ವಿಶೇಷ?

ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯಲ್ಲಿದ್ದ ದೂರದ ಸಂಬಂಧದ ಅತ್ತೆ ಮೆಲ್ಲಗೆ ಕೇಳಿದರು, "ಏನಾದ್ರೂ ವಿಶೇಷ ಇದೆಯೇನಮ್ಮಾ?" ಎಲೆ ಮೇಲೆ ಹೋಳಿಗೆ ಇತ್ತು, ಅದೇ ವಿಶೇಷ ಅಂದುಬಿಡೋಣ ಅನ್ನಿಸಿತು. "ಇಲ್ಲ ಅತ್ತೆ" ಅಂದೆ. "ಒಂದ್ಸಲ ಕುಕ್ಕೆಗೆ ಹೋಗಿ ಬನ್ನಿ" ಅಂದರು. ಎರಡು ಸಲ ಹೋಗಿ ಬಂದಿದ್ದೆವು.

ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಬೇಕು. ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ. ನಾವೂ ಹೋದೆವು. ಮೊದಲ ಕ್ಲಿನಿಕ್ಕಿನಲ್ಲಿ ಹದಿನಾಲ್ಕು ತಿಂಗಳು ಮಾತ್ರೆ ನುಂಗಿದೆ. ಥೈರಾಯ್ಡಿಗೆ ಒಂದು, ಮೊಟ್ಟೆ ಬೆಳೆಯೋಕೆ ಇನ್ನೊಂದು. ತಿಂಗಳು ತಿಂಗಳು ಸ್ಕ್ಯಾನ್. "18 ಮಿ.ಮೀ. ಇದೆ, ಚೆನ್ನಾಗಿ ಬೆಳೆದಿದೆ" ಅನ್ನುತ್ತಿದ್ದರು. ಬೆಳೆದ ಮೊಟ್ಟೆಗೆ ಹೋಗೋಕೆ ದಾರಿ ಇದೆಯಾ ಅಂತ ಒಬ್ಬರೂ ನೋಡಲಿಲ್ಲ. ಗಂಡನ ವೀರ್ಯ ಪರೀಕ್ಷೆಯನ್ನೂ ಕೇಳಲಿಲ್ಲ. ಎಷ್ಟೋ ಜೋಡಿಗಳಲ್ಲಿ ತೊಂದರೆ ಗಂಡಸಿನ ಕಡೆಯೂ ಇರುತ್ತದೆ, ಅದನ್ನು ತಿಳಿಯೋಕೆ ಒಂದು ಸಣ್ಣ ಡಬ್ಬಿ ಸಾಕು. ಆದರೆ ಸೂಜಿ, ಸ್ಕ್ಯಾನ್, ಮಾತ್ರೆ, ಉಪವಾಸ ಎಲ್ಲ ನನಗೇ.

ಎರಡನೇ ಡಾಕ್ಟರಮ್ಮ ಮೊದಲ ದಿನವೇ ಇಬ್ಬರಿಗೂ ಪರೀಕ್ಷೆ ಬರೆದುಕೊಟ್ಟರು. ಇವರದ್ದು ಸರಿ ಇತ್ತು. ನನಗೆ ಎಚ್‌ಎಸ್‌ಜಿ, ಅಂದರೆ ಮೊಟ್ಟೆ ಬರುವ ನಾಳ ತೆರೆದಿದೆಯಾ ಅಂತ ನೋಡುವ ಪರೀಕ್ಷೆ. ಎಕ್ಸ್‌ರೇ ಟೇಬಲ್ ಮೇಲೆ ಮಲಗಿಸಿ ಗರ್ಭಕೋಶಕ್ಕೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಡುತ್ತಾರೆ. ಮುಟ್ಟಿನ ನೋವನ್ನು ಹಿಂಡಿ ಒಂದೇ ನಿಮಿಷಕ್ಕೆ ತುಂಬಿದ ಹಾಗಿತ್ತು. ಪರದೆಯಲ್ಲಿ ಒಂದು ತ್ರಿಕೋನ ಕಂಡಿತು. ಅದರ ಎರಡೂ ಮೂಲೆಯಿಂದ ಎಳೆ ಹಾಗೆ ನಾಳ ಹೊರಡಬೇಕು. ನನ್ನದು ಮೂಲೆಯಲ್ಲೇ ನಿಂತುಬಿಟ್ಟಿತ್ತು.

"ಮನೆಯಲ್ಲಿ ಯಾರಿಗಾದ್ರೂ ಟಿಬಿ ಇತ್ತಾ?" ಅಂತ ಕೇಳಿದರು ಅವರು. ಅಜ್ಜನಿಗಿತ್ತು. ನಾನು ಅವರ ಪಕ್ಕದಲ್ಲೇ ಮಲಗಿ ಬೆಳೆದವಳು. ಗರ್ಭಕೋಶದ ಒಳಪದರದಿಂದ ಚೂರು ತೆಗೆದು ಪರೀಕ್ಷೆ ಮಾಡಿದಾಗ ಟಿಬಿ ಖಚಿತವಾಯಿತು. ಶ್ವಾಸಕೋಶಕ್ಕೆ ಬಂದ ರೋಗಾಣು ರಕ್ತದಲ್ಲಿ ಹೋಗಿ ನಾಳದಲ್ಲಿ ಕೂರುತ್ತದಂತೆ, ವರ್ಷಗಟ್ಟಲೆ ಸುಮ್ನೆ ಇರುತ್ತದಂತೆ. ನನಗೆ ಕೆಮ್ಮಿರಲಿಲ್ಲ, ಜ್ವರ ಇರಲಿಲ್ಲ, ಮುಟ್ಟು ಕೂಡ ಲೆಕ್ಕ ತಪ್ಪಿರಲಿಲ್ಲ. ಭಾರತದಲ್ಲಿ ನಾಳ ಮುಚ್ಚಿಹೋಗೋಕೆ ಇದು ದೊಡ್ಡ ಕಾರಣಗಳಲ್ಲಿ ಒಂದು.

ಎಲ್ಲರಿಗೂ ಇದೇ ಅಂತಲ್ಲ. ನನ್ನ ಗೆಳತಿಗೆ ಪಿಸಿಓಎಸ್, ಮೊಟ್ಟೆ ಹೊರಬರುವುದೇ ಅಪರೂಪ. ಇನ್ನೊಬ್ಬಳಿಗೆ ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಒಳಪದರದಂಥದ್ದೇ ಹೊರಗೂ ಬೆಳೆಯುವ ರೋಗ. ಪ್ರತಿ ತಿಂಗಳು ಹಾಸಿಗೆ ಹಿಡಿಯುತ್ತಿದ್ದವಳಿಗೆ "ಹೆಂಗಸಿಗೆ ಇದೆಲ್ಲ ಇದ್ದದ್ದೇ" ಅಂತ ಹತ್ತು ವರ್ಷ ಹೇಳಿದರು. ಮೂವರಿಗೂ ಮದ್ದು ಬೇರೆ ಬೇರೆ. ಊರವರ ಬಾಯಲ್ಲಿ ಮಾತ್ರ ಮೂವರಿಗೂ ಒಂದೇ ಹೆಸರು. ಅದನ್ನು ಇಲ್ಲಿ ಬರೆಯಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಆರು ತಿಂಗಳ ಮಾತ್ರೆ ಪುಕ್ಕಟೆ ಸಿಕ್ಕಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಹೆದರಿದ್ದೆ, ಮಾತ್ರೆಯಿಂದ ಹಾಗಾಗುತ್ತದೆ ಅಂದರು. ರೋಗ ಹೋಯಿತು, ನಾಳ ತೆರೆಯಲಿಲ್ಲ. ಇನ್ನು ಐವಿಎಫ್, ನಾಳದ ಹಂಗಿಲ್ಲದೆ ಹೊರಗೇ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವುದು. ಅದಕ್ಕೆ ದುಡ್ಡು ಹೊಂದಿಸುತ್ತಿದ್ದೇವೆ.

ಮೊನ್ನೆ ಗೃಹಪ್ರವೇಶದಲ್ಲಿ ಅದೇ ಅತ್ತೆ, ಅದೇ ಪ್ರಶ್ನೆ. "ಗರ್ಭಕೋಶದಲ್ಲಿ ಟಿಬಿ ಇತ್ತು ಅತ್ತೆ, ವಾಸಿಯಾಯ್ತು" ಅಂದೆ. ಪಕ್ಕ ಕೂತವರಿಗೆ ಅಂಟುವಂಥದ್ದಲ್ಲ ಅಂತ ಹೇಳುವಷ್ಟರಲ್ಲಿ ಅವರು ಎಲೆಯನ್ನು ಒಂದು ಗೇಣು ಆಚೆ ಎಳೆದುಕೊಂಡಿದ್ದರು.